ಕೆಂಪೇರಿದ ಪ್ಲೇಟು

ವಾಲ್ವು ಗಟ್ಟಿ ಜೀವವೆಂಬುದು ಹವ್ಯಾಸಿ ಬಾನುಲಿಯವರ ಹಳೆಯ ನಂಬಿಕೆ. ಟ್ರಾನ್ಸಿಸ್ಟರು ಕ್ಷಣಾರ್ಧದಲ್ಲಿ ಸುಟ್ಟುಹೋಗುವ ಸಂದರ್ಭದಲ್ಲಿ ವಾಲ್ವು ತಾಳಿಕೊಳ್ಳುತ್ತದೆ, ಮಾತು ಸುಳ್ಳಲ್ಲ. ಆದರೆ ಎತ್ತು ಎಳೆಯುತ್ತದೆಂದು ಗಾಡಿಯ ಮೇಲೆ ಮೂಟೆಗಳನ್ನು ಒಟ್ಟುತ್ತ ಹೋಗುವುದು ಜಾಣತನವಲ್ಲ.

ಪ್ರಸಿದ್ಧವಾದ 807 ವಾಲ್ವನ್ನೇ ತೆಗೆದುಕೊಳ್ಳೋಣ. ಎಡೆಬಿಡದ ಬಳಕೆಯಲ್ಲಿ ಅದರ ಪ್ಲೇಟು ಹೊರಚೆಲ್ಲಬಲ್ಲ ಉಷ್ಣ 25 ವ್ಯಾಟ್ ಮಾತ್ರ. 60 ವ್ಯಾಟ್ ಊಡಿದಾಗ ಶೇಕಡ 60ರಷ್ಟು ಆಂಟೆನಾವನ್ನು ಸೇರಿದರೆ ಉಳಿಯುವುದು 24 ವ್ಯಾಟ್, ವಾಲ್ವು ಕ್ಷೇಮ. ಶ್ರುತಿ ತಪ್ಪಿ ದಕ್ಷತೆ ಅರ್ಧಕ್ಕೆ ಇಳಿಯಿತೆನ್ನಿ, ಅದೇ ಪ್ಲೇಟು 42 ವ್ಯಾಟ್ ಉಷ್ಣವನ್ನು ಹೊರಬೇಕು. ಆಗ ಅದು ಕೆಂಪೇರುತ್ತದೆ, ಗಾಜಿನೊಳಗಿನ ನಿರ್ವಾತ ಕೆಡುತ್ತದೆ.

ಇಷ್ಟು ಕಷ್ಟಪಟ್ಟು ದೊರೆಯುವ ಲಾಭವೇನು? ಸಾಮರ್ಥ್ಯವನ್ನು ಇಮ್ಮಡಿಸಿದರೆ ಹೆಚ್ಚುವುದು 3 ಡೆಸಿಬೆಲ್. ಕೇಳುವವನ ಮಾಪಕದಲ್ಲಿ ಅದು ಅರ್ಧ ಮೆಟ್ಟಿಲು. ನಮ್ಮ ದೇಶದ 1978ರ ನಿಯಮಾವಳಿ ಮೇಲ್ದರ್ಜೆಯ ಪರವಾನಗಿದಾರರಿಗೂ 400 ವ್ಯಾಟ್‌ಗಳ ಗೆರೆ ಎಳೆದುದು ಜಿಪುಣತನದಿಂದಲ್ಲ.

ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳ ಸೀಮೆಯವರಾದ ನಮಗೆ ಇನ್ನೊಂದು ಹೊಣೆಯೂ ಉಂಟು. ಗೌರಿಬಿದನೂರಿನ ಬಳಿ 1976ರಲ್ಲಿ ಸ್ಥಾಪಿತವಾದ ರೇಡಿಯೋ ವೀಕ್ಷಣಾಲಯದಲ್ಲಿ ಸಾವಿರ ದ್ವಿಧ್ರುವ ಆಂಟೆನಾಗಳು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶಕ್ಕೆ ಕಿವಿಗೊಟ್ಟವು. 1997ರಿಂದ ಅಲ್ಲಿಯ ಸೌರ ದೂರದರ್ಶಕವು 40 ಮೆಗಾಹರ್ಟ್ಸ್‌ನಿಂದ ಮೇಲಣ ಅಲೆಗಳಲ್ಲಿ ಸೂರ್ಯನ ಕರೋನವನ್ನು ಚಿತ್ರಿಸತೊಡಗಿತು. ಇಂಥ ಅಲೆಗಳನ್ನು ಅಳೆಯುವ ಜಾನ್‌ಸ್ಕಿ ಎಂಬ ಮಾನವು, ಒಂದು ಚದರ ಮೀಟರಿಗೆ ಪ್ರತಿ ಹರ್ಟ್ಸ್‌ಗೆ ಒಂದು ವ್ಯಾಟಿನಲ್ಲಿ, ಒಂದರ ಮುಂದೆ ಇಪ್ಪತ್ತಾರು ಸೊನ್ನೆ ಇಟ್ಟ ಸಂಖ್ಯೆಯ ಒಂದು ಪಾಲು!

ಮಿತಿ ಮೀರಿ ಹುರಿದುಂಬಿಸಿದ ವಾಲ್ವಿನಲ್ಲಿ ಅಲೆಯ ತಲೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಅಲೆಯು ಮೂಲ ಆವೃತ್ತಿಯ ಎರಡು ಪಟ್ಟು, ಮೂರು ಪಟ್ಟು ಆವೃತ್ತಿಗಳನ್ನೂ ಹೆರುತ್ತದೆ. 21ರ ಇಮ್ಮಡಿ 42, 14ರ ಮುಮ್ಮಡಿಯೂ 42: ಎರಡೂ ಸೂರ್ಯನನ್ನು ಆಲಿಸುವ ಪಟ್ಟಿಯೊಳಗೇ ಬೀಳುತ್ತವೆ. ಶೋಧಕವನ್ನು ಜೋಡಿಸಿದರಾಯಿತಲ್ಲ ಎನ್ನುವವರಿದ್ದಾರೆ. ಜೋಡಿಸಲೇಬೇಕು, ಸರಿ, ಆದರೆ ಅದು ಅಗ್ಗಳಿಸುವುದೇ ಹೊರತು ಅಳಿಸುವುದಿಲ್ಲ. ಪಕ್ಕದ ಹವ್ಯಾಸಿಯ ಮಾತಿನ ಮೇಲೆ ಎರಚುವ ಗದ್ದಲವನ್ನಂತೂ ಅದು ಮುಟ್ಟಲಾರದು.

ನಮ್ಮ ಕಾಲೇಜುಗಳಲ್ಲಿ ಹವ್ಯಾಸಿ ಬಾನುಲಿ ಸಂಘಗಳು ಹುಟ್ಟಬೇಕೆಂದು ಬಯಸುವವನು ನಾನು. ಅಲ್ಲಿ ವಿದ್ಯಾರ್ಥಿಯ ಕೈಗೆ ಮೊದಲು ಬರಬೇಕಾದುದು ಮೈಕ್ರೊಫೋನಲ್ಲ. ಪ್ಲೇಟ್ ಪ್ರವಾಹದ ಮೀಟರು, ಮತ್ತು ಆಂಟೆನಾಕ್ಕೆ ಬದಲಾಗಿ ಶಕ್ತಿಯನ್ನು ನುಂಗಿ ಬಿಸಿಯಾಗುವ ಒಂದು ರೋಧಕ.