ನೋವೆಂಬ ಕಾವಲುಗಾರ

ಮಾನವದೇಹವು ದೇವರ ಆಲಯವೆಂದು ಕ್ರೈಸ್ತ ಪ್ರಸಂಗಗಳಲ್ಲಿ ಆಗಾಗ ಕೇಳುತ್ತೇವೆ. ಕಣ್ಣಿನ ರಚನೆ, ಹೃದಯದ ಬಡಿತ ಮೊದಲಾದುವನ್ನು ವರ್ಣಿಸಿ ಸೃಷ್ಟಿಕರ್ತನನ್ನು ಕೊಂಡಾಡುವುದು ಸುಲಭ. ಆದರೆ ಹಲ್ಲುನೋವಿನಿಂದ ರಾತ್ರಿಯೆಲ್ಲ ನಿದ್ದೆಗೆಟ್ಟವನಿಗೆ ಆ ನೋವೂ ದೇವರ ವರವೆಂದು ಹೇಳಿ ನೋಡಿರಿ! ಹಾಗೆ ಹೇಳುವ ಧೈರ್ಯ ಮಾಡಿದವರು ಡಾ. ಪಾಲ್ ಬ್ರಾಂಡ್.

1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ ಮಿಷನರಿ ದಂಪತಿಗಳ ಮಗನಾಗಿ ಹುಟ್ಟಿದ ಇವರು, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದು, ಕುಷ್ಠರೋಗಿಗಳ ಮುರುಟಿದ ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸತೊಡಗಿದರು. ಬೆರಳುಗಳು ರೋಗದಿಂದಲೇ ಕೊಳೆತು ಉದುರುತ್ತವೆಂಬುದು ಆಗ ರೂಢವಾಗಿದ್ದ ನಂಬಿಕೆ. ಬ್ರಾಂಡ್ ಕಂಡದ್ದೇ ಬೇರೆ. ರೋಗಾಣು ನರಗಳನ್ನು ಕೆಡಿಸುತ್ತದೆ, ಅಷ್ಟೆ. ನೋವರಿಯದ ಕೈಯನ್ನು ಹಾಳುಮಾಡುವ ಮಿಕ್ಕ ಕೆಲಸವೆಲ್ಲ ರೋಗಿಯಿಂದಲೇ, ಅವನಿಗೆ ತಿಳಿಯದಂತೆ ನಡೆಯುತ್ತದೆ. ದೊಡ್ಡವರಿಗೇ ಬಗ್ಗದ ತುಕ್ಕುಬೀಗವನ್ನು ಹುಡುಗನೊಬ್ಬ ಸಲೀಸಾಗಿ ತೆಗೆದನಂತೆ. ನೋಡಿದರೆ ಕೀಲಿಕೈ ಅವನ ಬೆರಳನ್ನು ಎಲುಬಿನವರೆಗೆ ಸೀಳಿತ್ತು. ಅವನಿಗೆ ಅದರ ಅರಿವೇ ಇರಲಿಲ್ಲ. ಮಲಗಿದವರ ಬೆರಳುಗಳನ್ನು ರಾತ್ರಿ ಇಲಿಗಳು ಕಡಿಯುತ್ತಿದ್ದುವು. ಅದಕ್ಕೆ ಕಂಡುಕೊಂಡ ಔಷಧಿ ಯಾವುದು ಗೊತ್ತೆ? ಮನೆಗೆ ಹಿಂದಿರುಗುವ ರೋಗಿಯ ಜೊತೆಗೆ ಒಂದು ಬೆಕ್ಕು!

1966ರಲ್ಲಿ ಅಮೆರಿಕದ ಕಾರ್ವಿಲ್ ಆಸ್ಪತ್ರೆಗೆ ಹೋದ ಮೇಲೆ ಅವರು ಕೃತಕವಾದ ನೋವನ್ನೇ ನಿರ್ಮಿಸಲು ವರ್ಷಗಟ್ಟಲೆ ಹೆಣಗಿದರು. ಕೈಮೇಲಿನ ಒತ್ತಡ ಮಿತಿಮೀರಿದಾಗ ಸದ್ದು ಮಾಡಿ ಎಚ್ಚರಿಸುವ ಸಾಧನವನ್ನು ತೊಡಿಸಿದರು. ರೋಗಿಗಳು ಸದ್ದನ್ನು ಲೆಕ್ಕಿಸಲಿಲ್ಲ. ಸದ್ದಿನ ಬದಲು ವಿದ್ಯುತ್ತಿನ ಪೆಟ್ಟು ಬೀಳುವಂತೆ ಮಾಡಿದರು. ಅಗತ್ಯದ ಕೆಲಸ ಬಂದಾಗ ರೋಗಿಗಳು ಅದನ್ನೂ ನಿಲ್ಲಿಸಿಬಿಡುತ್ತಿದ್ದರು. ಯೋಜನೆ ಕೈಗೂಡಲಿಲ್ಲ. ನೋವಿನ ಗುಂಡಿ ನಮ್ಮ ಕೈಗೆ ಎಟುಕದಂತಿರುವುದರಲ್ಲಿಯೇ ಸೃಷ್ಟಿಯ ಕರುಣೆಯಿದೆಯೆಂದು ಒಪ್ಪಬೇಕಾಗುತ್ತದೆ.

ಆದರೆ ಇಷ್ಟರಿಂದ ಎಲ್ಲ ನೋವೂ ವರವೆಂದು ಸಾಧಿಸಹೊರಡುವವರೊಡನೆ ನಾನು ಹೋಗಲಾರೆ. ಅರ್ಬುದರೋಗದ ಕಡೆಯ ದಿನಗಳ ಯಾತನೆ ಯಾರನ್ನು ಯಾವುದರಿಂದ ಕಾಪಾಡುತ್ತದೆ? ಅಲ್ಲಿ ಉಪದೇಶಕ್ಕಿಂತ ಮಾರ್ಫೀನೇ ಮೇಲು.

ನನ್ನನ್ನು ಕಾಡುವುದು ಇನ್ನೊಂದು ವಿಚಾರ. ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 12ನೆಯ ಅಧ್ಯಾಯದಲ್ಲಿ ಸಭೆಯನ್ನು ದೇಹಕ್ಕೆ ಹೋಲಿಸಿ, ಒಂದು ಅಂಗದ ಸಂಕಟದಲ್ಲಿ ಮಿಕ್ಕೆಲ್ಲವೂ ಪಾಲುಗೊಳ್ಳುವುದೆನ್ನುತ್ತಾನೆ. ಹಾಗಾದರೆ ಅಂಗಗಳು ಒಂದೇ ದೇಹಕ್ಕೆ ಸೇರಿದುವೆಂಬುದಕ್ಕೆ ನೋವೇ ಸಾಕ್ಷಿಯಾಯಿತು. ಕುಷ್ಠರೋಗಿಯನ್ನು ಊರಾಚೆಗೆ ಅಟ್ಟಿದ ಸಮಾಜದಲ್ಲಿ ಸ್ಪರ್ಶಜ್ಞಾನ ಕಳೆದುಕೊಂಡವರು ಯಾರು? ಯೇಸುವು ಅಂಥವನನ್ನು ಮುಟ್ಟಿ ಗುಣಪಡಿಸಿದ ಕಥೆಯನ್ನು ಓದುತ್ತಿದ್ದ ಮಧ್ಯಯುಗದ ಯೂರೋಪಿನ ಕ್ರೈಸ್ತಸಭೆಯಲ್ಲಿಯೂ ರೋಗಿಯನ್ನು ಹೊರಗಿಡುವುದಕ್ಕೆಂದೇ ವಿಧಿಗಳಿದ್ದುವು. ನಾವೇನು ಕಡಿಮೆಯೆ? ರೋಗವನ್ನು ಪೂರ್ತಿ ಗುಣಪಡಿಸಬಲ್ಲ ಬಹು ಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ. ರೋಗಿಗಳನ್ನು ಬೇರ್ಪಡಿಸಲು ಬ್ರಿಟಿಷರು 1898ರಲ್ಲಿ ಮಾಡಿದ್ದ ಕಾಯಿದೆಯನ್ನು ನಾವು ತೆಗೆದುಹಾಕಿದ್ದು 2016ರಲ್ಲಿ. ವಿವಾಹ ವಿಚ್ಛೇದನದ ಕಾರಣಗಳ ಪಟ್ಟಿಯಿಂದ ಕುಷ್ಠವನ್ನು ಬಿಟ್ಟದ್ದು 2019ರಲ್ಲಿ.