ಎಂಜಿನ್‌ಗೆ ಬಲ, ಮನೆಗೆ ಸಾಲ

ನಮ್ಮ ಚೇಳೂರಿಗೂ ಸಮುದ್ರಕ್ಕೂ ಏನೇನೂ ಸಂಬಂಧವಿಲ್ಲ. ನಮ್ಮದು ಗುಬ್ಬಿ ತಾಲ್ಲೂಕಿನ ಬಯಲುಸೀಮೆ. ತೆಂಗು, ಅಡಿಕೆ, ರಾಗಿ, ಬೇಸಿಗೆ ಬಂತೆಂದರೆ ಹಲಸಿನ ಹಣ್ಣಿನ ವ್ಯಾಪಾರ. ದೊಡ್ಡ ದೋಣಿಯನ್ನು ನಮ್ಮ ಮಕ್ಕಳು ನೋಡುವುದು ಪಾಠದ ಚಿತ್ರದಲ್ಲಿ ಮಾತ್ರ. ಹಾಗಿದ್ದೂ ನಾನಿವತ್ತು ದೋಣಿಯ ಎಂಜಿನ್ ಬಗ್ಗೆ ಜಗಳ ತೆಗೆಯಲು ಕೂತಿದ್ದೇನೆ. ಬಿ.ಎ., ಬಿ.ಎಡ್. ಮಾಡಿಕೊಂಡು ಸಮಾಜ ಪಾಠ ಹೇಳುವ ಹೆಂಗಸಿಗೆ ಎಂಜಿನ್ ಉಸಾಬರಿ ಯಾಕೆ ಎಂದು ಗಂಡಸರು ನಗಬಹುದು, ನಗಲಿ. ಆ ಎಂಜಿನ್‌ಗೆ ಸುರಿಯುವ ದುಡ್ಡು ಎಲ್ಲಿಯವರೆಗೆ ನಮ್ಮ ಕತ್ತಿನಿಂದ ಇಳಿಯುತ್ತದೋ ಅಲ್ಲಿಯವರೆಗೆ ಈ ಉಸಾಬರಿ ನಮ್ಮದೂ ಹೌದು.

ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ಹತ್ತನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಉಡುಪಿ, ಮಲ್ಪೆಗೆ ಪ್ರವಾಸ ಹೋಗಿದ್ದೆವು. ಮಲ್ಪೆಯ ಬಂದರಿನಲ್ಲಿ ಒಂದು ಮೀನು ಹಿಡಿಯುವ ಬೋಟಿನ ಎಂಜಿನ್ ಬಿಚ್ಚಿಕೊಂಡು ಮೆಕ್ಯಾನಿಕ್ ಒಬ್ಬರು ಕೂತಿದ್ದರು. ನಮ್ಮ ಹುಡುಗರಿಗೆ ಯಂತ್ರ ಕಂಡರೆ ಕಾಲು ನಿಲ್ಲುವುದಿಲ್ಲ, ಮುತ್ತಿಕೊಂಡರು. ಆತ ಬೇಸರ ಮಾಡಿಕೊಳ್ಳದೆ ವಿವರಿಸಿದರು. ಮೊದಲು ಇಂಥ ಬೋಟಿಗೆ ನೂರು ಎಚ್‌ಪಿ ಆಸುಪಾಸಿನ ಎಂಜಿನ್ ಸಾಕಾಗುತ್ತಿತ್ತಂತೆ. ಈಗ ಟರ್ಬೊ ಇರುವ ಮುನ್ನೂರೈವತ್ತರದ್ದು, ಅದಕ್ಕೂ ಮೇಲಿನದು ಕೇಳುತ್ತಾರಂತೆ. "ಅಷ್ಟು ಬಲ ಯಾಕೆ ಬೇಕು?" ಎಂದೆ. "ಎಂತ ಮಾಡುದು ಟೀಚರ್, ಪಕ್ಕದವ ಹಾಕಿದ ಮೇಲೆ ನಾವು ಹಾಕದೆ ಇದ್ರೆ ಮೀನು ಎಲ್ಲುಂಟು?" ಎಂದರು.

ನಾನು ಬೆಚ್ಚಿಬಿದ್ದೆ. ಈ ಮಾತನ್ನು ಇದೇ ಧಾಟಿಯಲ್ಲಿ ನಮ್ಮ ತೋಟದ ಬದುವಿನ ಮೇಲೆ ಕೇಳಿದ್ದೆ. ಅಲ್ಲಿ ಮೀನಿನ ಬದಲು ನೀರು, ಅಷ್ಟೇ ವ್ಯತ್ಯಾಸ.

ಎಂಜಿನ್‌ಗೆ ಬಲ ಕೂಡಿಸುವುದೆಂದರೆ ಏನು? ಗಂಡಸರು ಇದನ್ನು ಬ್ರಹ್ಮವಿದ್ಯೆಯ ಹಾಗೆ ಹೇಳುತ್ತಾರೆ. ಸೌದೆ ಒಲೆಯ ಮುಂದೆ ಊದುಗೊಳವೆ ಹಿಡಿದು ಕೂತವಳಿಗೆ ಇದು ಅರ್ಥವಾಗದ ವಿಷಯವೇ ಅಲ್ಲ. ಎಣ್ಣೆ ಉರಿಯಲು ಗಾಳಿ ಬೇಕು. ಮಾಮೂಲಿ ಎಂಜಿನ್ ತನಗೆ ಬೇಕಾದ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಅದರ ಬಾಯಿಗೆ ಗಾಳಿಯನ್ನು ಒತ್ತಿ ತುರುಕಿದರೆ ಹೆಚ್ಚು ಎಣ್ಣೆ ಉರಿಸಬಹುದು, ಬಲ ಹೆಚ್ಚುತ್ತದೆ. ಎಂಜಿನ್ನಿನ ತಿರುಗುವಿಕೆಯಿಂದಲೇ ಬೆಲ್ಟು ಹಾಕಿ ಗಾಳಿ ಒತ್ತಿಸಿದರೆ ಅದು ಸೂಪರ್‌ಚಾರ್ಜರ್. ಹೊರಗೆ ಹೋಗುವ ಹೊಗೆಯ ರಭಸದಿಂದ ಒತ್ತಿಸಿದರೆ ಟರ್ಬೊ. ಅಮೆರಿಕದ ಫಿಲಾಂಡರ್ ಮತ್ತು ಫ್ರಾನ್ಸಿಸ್ ರೂಟ್ಸ್ ಎಂಬ ಅಣ್ಣತಮ್ಮಂದಿರು 1860ರಲ್ಲಿ ಹಕ್ಕು ಪಡೆದ ಗಾಳಿಯಂತ್ರ ಕಬ್ಬಿಣದ ಕುಲುಮೆಗೆ ಗಾಳಿ ಊದುತ್ತಿತ್ತು. ಮುಂದೆ ಅದೇ ಜಾತಿಯದು ಎಂಜಿನ್‌ಗೂ ಬಂತು. ಟರ್ಬೊಗೆ ಸ್ವಿಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಹಕ್ಕು ಪಡೆದರು. ಎಲ್ಲವೂ ಊದುಗೊಳವೆಯ ಮೊಮ್ಮಕ್ಕಳೇ.

ಊದುಗೊಳವೆಯ ಗುಣ ನಮಗೆ ಗೊತ್ತಲ್ಲ! ಜೋರಾಗಿ ಊದಿದರೆ ಸೌದೆ ಬೇಗ ಮುಗಿಯುತ್ತದೆ, ಬೂದಿ ಹಾರುತ್ತದೆ, ಸಾರು ತಳ ಹತ್ತುತ್ತದೆ. ಎಂಜಿನ್ನಿನಲ್ಲೂ ಅದೇ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಅದನ್ನು ತಣಿಸಲು ಇನ್ನೊಂದು ಉಪಕರಣ ಬೇಕು. ಪಿಸ್ಟನ್, ಗ್ಯಾಸ್ಕೆಟ್, ಬೇರಿಂಗು ಆ ಹೊಡೆತ ತಡೆಯುವಂತಿರಬೇಕು. ಕಾರಿಗಾದರೆ ಇಳಿಜಾರಿನಲ್ಲಿ ಸ್ವಲ್ಪ ವಿಶ್ರಾಂತಿ ಉಂಟು. ನೀರಿನಲ್ಲಿ ಇಳಿಜಾರು ಎಲ್ಲಿದೆ? ದೋಣಿಯ ಎಂಜಿನ್ ಸದಾ ದಿಬ್ಬ ಹತ್ತುತ್ತಲೇ ಇರುತ್ತದೆ. ಅಮೆರಿಕದಲ್ಲಿ ಮೋಜಿನ ದೋಣಿಗಳ ದೊಡ್ಡ ಪೆಟ್ರೋಲ್ ಎಂಜಿನ್ ಮೇಲೆ ಸೂಪರ್‌ಚಾರ್ಜರ್ ಕೂರಿಸಿಕೊಂಡು ಓಡಿಸುವ ಶೋಕಿ ಇದೆ. ಅದು ಕೈತುಂಬ ಇರುವವರ ಆಟ, ಕೆಟ್ಟರೆ ಅವರದೇ ಎಂಜಿನ್ ಕೆಡುತ್ತದೆ. ನನ್ನ ಜಗಳ ಅವರ ಮೇಲಲ್ಲ. ಹೊಟ್ಟೆಪಾಡಿನ ಜಾಗದಲ್ಲಿ, ಹತ್ತು ಮನೆಯವರು ಹಂಚಿಕೊಂಡು ಬದುಕುವ ಜಾಗದಲ್ಲಿ ಈ ಪೈಪೋಟಿ ಶುರುವಾದರೆ ಏನಾಗುತ್ತದೆ ಎನ್ನುವುದೇ ನನ್ನ ಪ್ರಶ್ನೆ.

ದೋಣಿಯ ಲೆಕ್ಕ ನೋಡಿ. ನೀರಿನಲ್ಲಿ ವೇಗವನ್ನು ಎರಡು ಪಟ್ಟು ಮಾಡಬೇಕಾದರೆ ಬಲ ಎರಡು ಪಟ್ಟಾದರೆ ಸಾಲದು, ಹೆಚ್ಚುಕಡಿಮೆ ಎಂಟು ಪಟ್ಟು ಬೇಕು. ಡೀಸೆಲ್ ಕೂಡ ಅದೇ ಲೆಕ್ಕದಲ್ಲಿ ಕುಡಿಯುತ್ತದೆ. ಇಷ್ಟು ಬಲ ಕೂಡಿಸಿದರೂ ಸಮುದ್ರದಲ್ಲಿ ಒಂದೇ ಒಂದು ಮೀನು ಹೆಚ್ಚಿಗೆ ಹುಟ್ಟುವುದಿಲ್ಲ. ಇರುವ ಮೀನನ್ನು ಪಕ್ಕದವನಿಗಿಂತ ಮೊದಲು ಬಾಚಿಕೊಳ್ಳಬಹುದು, ಅಷ್ಟೇ. ಒಂದು ಕಾಲಕ್ಕೆ ಕರಾವಳಿಯಲ್ಲಿ ರಂಪಣಿ ಬಲೆ ಇತ್ತು. ಊರಿನ ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದರು, ಬಂದದ್ದನ್ನು ಪಾಲು ಮಾಡಿಕೊಳ್ಳುತ್ತಿದ್ದರು. 1970ರ ದಶಕದಲ್ಲಿ ಯಂತ್ರದ ದೋಣಿಗಳು ಪರ್ಸೀನ್ ಬಲೆ ತಂದ ಮೇಲೆ ರಂಪಣಿ ಸೋತಿತು. ಆಮೇಲೆ ಯಂತ್ರದವರೊಳಗೇ ಪೈಪೋಟಿ ಹುಟ್ಟಿತು. ಎರಡು ಬೋಟುಗಳು ಸೇರಿ ಒಂದೇ ಬಲೆಯನ್ನು ಎಳೆಯುವ ಬುಲ್ ಟ್ರಾಲಿಂಗ್ ಬಂತು. ಅದಕ್ಕೆ ಇನ್ನೂ ದೊಡ್ಡ ಎಂಜಿನ್ ಬೇಕಾಯಿತು. ಮರಿಮೀನು ಸಮೇತ ಬಾಚಿದ್ದು ಲಾರಿಗಟ್ಟಲೆ ಮೀನುಹುಡಿ ಕಾರ್ಖಾನೆಗೆ ಹೋಗುತ್ತದೆ. ಬುಟ್ಟಿ ಹೊತ್ತು ಮಾರುವ ಹೆಂಗಸಿನ ಬುಟ್ಟಿಗೆ ಏನು ಉಳಿಯುತ್ತದೆ? 2017ರಲ್ಲಿ ಕೇಂದ್ರ ಸರಕಾರ ಬುಲ್ ಟ್ರಾಲಿಂಗನ್ನೂ, ದೀಪ ಹಾಕಿ ಮೀನು ಹಿಡಿಯುವುದನ್ನೂ ನಿಷೇಧಿಸಿತು. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳಿಗೆ ರಜೆ ಇದೆ. ಕಾನೂನು ಇದೆ. ಆದರೆ ಸಾಲ ಮಾಡಿ ತಂದ ಎಂಜಿನ್‌ಗೆ ಕಾನೂನು ಕೇಳಿಸುವುದಿಲ್ಲ, ಕಂತು ಮಾತ್ರ ಕೇಳಿಸುತ್ತದೆ.

ಇನ್ನು ನಮ್ಮೂರಿಗೆ ಬನ್ನಿ. ಇದು ನನ್ನ ತಪ್ಪಿನ ಕತೆ, ಆದ್ದರಿಂದ ಮುಚ್ಚಿಡುವುದಿಲ್ಲ.

ಹದಿನೈದು ವರ್ಷದ ಹಿಂದೆ ನಮ್ಮ ತೋಟದ ಬೋರಿನಲ್ಲಿ ಐದು ಎಚ್‌ಪಿ ಮೋಟಾರಿತ್ತು. ನೀರು ಕಡಿಮೆಯಾಯಿತೆಂದು ನಮ್ಮ ಮನೆಯವರು ಏಳೂವರೆಯದು ಇಳಿಸುತ್ತೇನೆ ಎಂದರು. ಕರೆಂಟಿನ ಚಿಂತೆ ಇರಲಿಲ್ಲ, 2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ. ನನ್ನ ಎರಡು ಬಳೆ ಅಡವಿಗೆ ಹೋದವು. ಸಹಿ ಹಾಕಿದವಳು ನಾನೇ. ಮೊದಲ ಬೇಸಿಗೆಯಲ್ಲಿ ತೊಟ್ಟಿ ತುಂಬಿ ಹರಿಯಿತು, ನಾನೂ ಹಿಗ್ಗಿದೆ. ಎರಡನೇ ಬೇಸಿಗೆಯಲ್ಲಿ ಪಕ್ಕದ ತೋಟದ ಅಜ್ಜಿಯ ಬೋರು ಗಾಳಿ ಉಗುಳಲು ಶುರುಮಾಡಿತು. ಅವರದು ಮೂರು ಎಚ್‌ಪಿಯ ಹಳೇ ಮೋಟಾರು, ಒಂದಷ್ಟು ತೆಂಗಿನ ಗಿಡ, ಎರಡು ಹಸು. ಹಸುವಿಗೆ ನೀರು ಕೇಳಲು ಕೊಡ ಹಿಡಿದು ನಮ್ಮ ತೊಟ್ಟಿಯ ಹತ್ತಿರ ಬಂದವರು, "ನಿಮ್ಮ ಮೋಟ್ರು ಜೋರಾಗೈತೆ ಕಣವ್ವಾ" ಎಂದರು. ಬೈದಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು. ಅವರು ಬೈಯಲಿಲ್ಲ. ನಾನೇ ಕೊಡ ತುಂಬಿಸಿ ಕೊಟ್ಟೆ, ದಾನ ಮಾಡಿದವಳ ಹಾಗೆ! ಅವರ ನೀರನ್ನೇ ಅವರಿಗೆ.

ಮೂರನೇ ವರ್ಷ ನಮ್ಮ ಮೋಟಾರೂ ಸುಟ್ಟಿತು. ಕಾರಣ ಸರಳ. ನಮ್ಮದು ಗಟ್ಟಿ ಬಂಡೆಯ ನೆಲ, ಬಂಡೆಯ ಬಿರುಕಿನಲ್ಲಿ ಎಷ್ಟು ನೀರು ಜಿನುಗುತ್ತದೋ ಬೋರಿಗೆ ಅಷ್ಟೇ ಬರುವುದು. ಬರುವುದಕ್ಕಿಂತ ಬೇಗ ಎತ್ತಿದರೆ ಮೋಟಾರು ನೀರಿಲ್ಲದೆ ತಿರುಗಿ ಕಾಯುತ್ತದೆ. ರೀವೈಂಡಿಂಗ್ ಮಾಡಿಸಿದೆವು, ಮತ್ತೆ ಸುಟ್ಟಿತು. ಬಳೆ ಬಿಡಿಸಿಕೊಳ್ಳಲು ಆಗಲಿಲ್ಲ.

"ಸಂಬಳ ಬರುವವರು ಹೀಗೆಲ್ಲ ಹೇಳಬಹುದು ದೊಡ್ಡಮ್ಮ, ತೋಟ ಒಣಗ್ತಾ ಇದ್ರೆ ಕೈಕಟ್ಟಿ ಕೂರೋಕಾಗುತ್ತಾ?" ಎಂದ ನನ್ನ ತಂಗಿಯ ಮಗ, ಕಳೆದ ತಿಂಗಳು. ಹತ್ತರ ಮೋಟಾರು ತರಬೇಕಂತೆ. ಹೆಂಡತಿಯ ಸರ ಆಗಲೇ ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡಿದ್ದ. ಅವನ ಮಾತಿನಲ್ಲಿ ಅರ್ಧ ನಿಜವಿದೆ. ಒಬ್ಬನೇ ಸುಮ್ಮನಿದ್ದರೆ ಅವನೊಬ್ಬನೇ ಸೋಲುತ್ತಾನೆ. ಮಲ್ಪೆಯ ಮೆಕ್ಯಾನಿಕ್ ಹೇಳಿದ್ದೂ ಅದನ್ನೇ. ಆದರೆ ಎಲ್ಲರೂ ಬಲ ಕೂಡಿಸಿದರೆ ಯಾರು ಗೆಲ್ಲುತ್ತಾರೆ? ಮೋಟಾರು ಮಾರಿದವನು, ಬೋರು ಕೊರೆದವನು, ಬಡ್ಡಿಗೆ ಕೊಟ್ಟವನು. ಹಾಗಾಗಿ ಇದು ಒಬ್ಬೊಬ್ಬರ ಬುದ್ಧಿಯಿಂದ ನಿಲ್ಲುವ ರೋಗವಲ್ಲ. ಮಿತಿ ಎಲ್ಲರಿಗೂ ಒಂದೇ ಇರಬೇಕು, ಅದನ್ನು ಕಾಯುವವರೂ ಇರಬೇಕು. ಬೋಟಿನ ಎಂಜಿನ್‌ಗೂ ಅಷ್ಟೇ, ಬೋರಿನ ಮೋಟಾರಿಗೂ ಅಷ್ಟೇ. ಡೀಸೆಲ್ಲಿಗೆ ತೆರಿಗೆ ಬಿಟ್ಟು, ಕರೆಂಟನ್ನು ಪುಕ್ಕಟೆ ಕೊಟ್ಟು ಸರಕಾರವೇ ಊದುಗೊಳವೆ ಹಿಡಿದು ಕೂತರೆ ಬೆಂಕಿ ಆರುವುದು ಹೇಗೆ? ಅದೇ ದುಡ್ಡಿನಲ್ಲಿ ಕೆರೆಯ ಹೂಳೆತ್ತಿಸಲಿ, ಹೇಮಾವತಿ ನೀರನ್ನು ಕೊನೆಯ ಕೆರೆಯವರೆಗೂ ಮುಟ್ಟಿಸಲಿ.

ನಮ್ಮ ಚೇಳೂರಿನ ಹೆಸರು ದೂರದ ಊರಿಗೆ ಹೋಗಿದ್ದು ಹತ್ತರ ಮೋಟಾರಿನಿಂದಲ್ಲ, ಹಲಸಿನಿಂದ. ಇಲ್ಲಿಯ ರೈತರೊಬ್ಬರ ತೋಟದ ಕೆಂಪು ತೊಳೆಯ 'ಸಿದ್ದು' ಹಲಸನ್ನು ಹಿರೇಹಳ್ಳಿಯ ತೋಟಗಾರಿಕೆ ಕೇಂದ್ರದವರು ಗುರುತಿಸಿ ಬೆಳೆಸಿದರು. ಹೊಲದ ಬದುವಿನಲ್ಲಿ ನಿಂತು, ಮಳೆ ಕೊಟ್ಟಷ್ಟು ಕುಡಿದು ಹಣ್ಣು ಕೊಡುವ ಮರ ಹಲಸು. ನೆಲ ತಾಳುವಷ್ಟು ಕೇಳುವ ಬೆಳೆಯೂ ಉಂಟು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ತಂಗಿಯ ಮಗನಿಗೆ ನಾನು ಒಂದೇ ಮಾತು ಹೇಳಿದೆ. "ಇನ್ನೂರು ಲೀಟರಿನ ಡ್ರಮ್ ಇಟ್ಟು, ಈಗಿರೋ ಮೋಟಾರು ಅದನ್ನ ಎಷ್ಟು ಹೊತ್ತಿಗೆ ತುಂಬುತ್ತೆ, ಬೆಳಗ್ಗೆ ಒಂದು ಸಲ, ಮೂರು ಗಂಟೆ ಓಡಿಸಿದ ಮೇಲೆ ಒಂದು ಸಲ ನೋಡು. ಎರಡನೇ ಸಲ ಹೊತ್ತು ಜಾಸ್ತಿ ಹಿಡಿದರೆ ಕಡಿಮೆ ಇರೋದು ಮೋಟಾರಿನ ಬಲ ಅಲ್ಲ, ನೆಲದ ನೀರು." ಅವನು ನೋಡಿದ. ಎರಡನೇ ಸಲ ಮೊದಲಿನ ಎರಡರಷ್ಟು ಹೊತ್ತು ಹಿಡಿಯಿತಂತೆ. ಸರ ಸದ್ಯಕ್ಕೆ ಅವನ ಹೆಂಡತಿಯ ಕತ್ತಿನಲ್ಲೇ ಇದೆ.

ನೀವೂ ಇಷ್ಟು ಮಾಡಿ. ಒಡವೆ ನಿಮ್ಮದು, ಸಹಿ ನಿಮ್ಮದು. ಎಂಜಿನ್ ಆಗಲಿ, ಮೋಟಾರು ಆಗಲಿ, ಬಲ ಕೂಡಿಸುತ್ತೇನೆ ಎಂದು ಮನೆಯಲ್ಲಿ ಯಾರಾದರೂ ಕೈ ಚಾಚಿದರೆ ಎರಡು ಪ್ರಶ್ನೆ ಕೇಳಿ. ಇದರಿಂದ ಮೀನು ಹೆಚ್ಚುತ್ತದೆಯೇ, ನೀರು ಹೆಚ್ಚುತ್ತದೆಯೇ? ಇಲ್ಲವಾದರೆ ಹೆಚ್ಚಾಗಿ ಬರುವುದು ಯಾರ ಪಾಲು? ಉತ್ತರ ಬರುವವರೆಗೆ ಬೀರುವಿನ ಕೀಲಿ ಕೊಡಬೇಡಿ. ನಾನು ಕೇಳದೆ ಕೊಟ್ಟೆ. ಆ ಅಜ್ಜಿ ತೀರಿಕೊಂಡು ಆರು ವರ್ಷವಾಯಿತು, ಅವರ ತೆಂಗಿನ ಗಿಡಗಳು ಅವರಿಗಿಂತ ಮೊದಲೇ ಹೋದವು.