ಕಾಲ ಮೀರಿ ಬಂದ ಚಪ್ಪಾಳೆ

ಗಾನಕ್ಕೆ ಕಾಲವೇ ಪ್ರಾಣವೆಂಬುದನ್ನು ನಮ್ಮ ಹಿರಿಯರು ಬಲ್ಲರು. ಬೆಳಗಿನ ರಾಗವನ್ನು ಸಂಜೆಗೆ ಹಾಡಿದರೆ ಅಪರಾಧವೇನೂ ಆಗದು. ಆದರೆ ಅದರ ಸೊಗಸು ಅರ್ಧಕ್ಕಿಳಿಯುತ್ತದೆ. ಹಾಡಿದವರಿಗೆ ಸಲ್ಲತಕ್ಕ ಚಪ್ಪಾಳೆಗೂ ಅಂಥದೇ ಒಂದು ವೇಳೆಯುಂಟೆಂದು ನಮಗೆ ಮನದಟ್ಟಾದುದು ಈಚೆಗೆ. ಅದೂ ನಮಗೆ ಪರಿಚಯವೇ ಇಲ್ಲದಿದ್ದ ಒಂದು ಸಂಗೀತದಿಂದ.

ಕಳೆದ ತಿಂಗಳು ರಜೆಗೆ ಬಂದಿದ್ದ ನಮ್ಮ ತಮ್ಮನ ಮಗಳು ಒಂದು ಸಂಜೆ ತನ್ನ ಮೊಬೈಲನ್ನು ನಮ್ಮ ಮುಂದೆ ಹಿಡಿದು, "ದೊಡ್ಡಪ್ಪ, ಇದನ್ನು ಸ್ವಲ್ಪ ನೋಡಿ. ಬೇಡವೆನಿಸಿದರೆ ನಿಲ್ಲಿಸಿಬಿಡುತ್ತೇನೆ" ಎಂದಳು. ಅದು ೧೯೪೬ರ ಸುಮಾರಿಗೆ ಅಮೆರಿಕದಲ್ಲಿ ತೆಗೆದ ಒಂದು ಕಪ್ಪು-ಬಿಳುಪು ಕಿರುಚಿತ್ರ. ವೇದಿಕೆಯ ಮೇಲೆ ಇದ್ದವರೆಲ್ಲರೂ ಹೆಂಗಸರು; ಹೆಚ್ಚಿನವರು ಕಪ್ಪು ಜನಾಂಗದವರು. ಮುಂದೆ ನಿಂತ ನಾಯಕಿಯ ಕೈಯಲ್ಲಿ ಒಂದು ಕೋಲು. ಹಿಂದೆ ಸಾಲುಸಾಲಾಗಿ ಸ್ಯಾಕ್ಸೋಫೋನು, ಟ್ರಂಪೆಟ್ಟು, ಟ್ರಾಂಬೋನು ಹಿಡಿದ ತರುಣಿಯರು. ಡ್ರಮ್ಮಿನ ಮುಂದೆಯೂ ತರುಣಿಯೇ. ಸ್ಯಾಕ್ಸೋಫೋನು ಎಂದರೆ ನಮ್ಮ ವಾಚಕರಿಗೆ ಕದ್ರಿ ಗೋಪಾಲನಾಥರ ನೆನಪಾದೀತು. ಅವರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಂಡ ವಾದ್ಯವೇ ಇದು. ನಾವು ನಿಲ್ಲಿಸೆಂದು ಹೇಳಲಿಲ್ಲ. ಎರಡು ಸಲ ನೋಡಿದೆವು.

ಇದಕ್ಕೆ ಜಾಜ್ ಎಂದು ಹೆಸರು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ಜನರ ನಡುವೆ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ, ವಿಶೇಷವಾಗಿ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಇದು ರೂಪುಗೊಂಡಿತು. ಮೇಳದವರೆಲ್ಲ ಕೂಡಿ ಒಂದು ಧಾಟಿಯನ್ನು ಮೊದಲು ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಎದ್ದುನಿಂತು, ಅದೇ ಚೌಕಟ್ಟಿನೊಳಗೆ, ಬರೆದಿಡದೆ, ಆ ಗಳಿಗೆಯಲ್ಲಿ ಮನಸ್ಸಿಗೆ ತೋರಿದುದನ್ನು ನುಡಿಸುತ್ತಾರೆ. ನಮ್ಮ ವಿದ್ವಾಂಸರು ಮನೋಧರ್ಮವೆಂದು ಕರೆಯುವುದಕ್ಕೆ ಇದು ದೂರದ ನೆಂಟ. ನಾಲ್ಕು ಪೆಟ್ಟಿನ ತಾಳದಲ್ಲಿ ನಾವು ಮೊದಲನೆಯದಕ್ಕೆ ತಲೆದೂಗಿದರೆ ಅವರು ಎರಡನೆಯದಕ್ಕೂ ನಾಲ್ಕನೆಯದಕ್ಕೂ ಒತ್ತು ಕೊಡುತ್ತಾರೆ. ಮೊದಮೊದಲು ಕಾಲು ಎಡವಿದಂತಾಗುತ್ತದೆ. ಸ್ವಲ್ಪ ಹೊತ್ತಿಗೆ ಕಾಲು ತಾನಾಗಿಯೇ ಕುಣಿಯತೊಡಗುತ್ತದೆ.

ಈ ಸಂಗೀತದಲ್ಲಿ ಹಾಡತಕ್ಕ ಹೆಂಗಸರಿಗೆ ಮನ್ನಣೆಯಿತ್ತು. ಬಿಲ್ಲಿ ಹಾಲಿಡೇ, ಎಲಾ ಫಿಟ್ಜ್‌ಜೆರಾಲ್ಡ್ ಮೊದಲಾದವರ ಕೀರ್ತಿ ಲೋಕವೆಲ್ಲ ಹಬ್ಬಿತು. ವಾದ್ಯ ಹಿಡಿಯುವ ಹೆಂಗಸಿನ ಮಾತು ಬೇರೆ. ಆಕೆ ಪಿಯಾನೋ ನುಡಿಸಿದರೆ ಸಹಿಸಿಯಾರು. ಕೆನ್ನೆಯುಬ್ಬಿಸಿ ತುತ್ತೂರಿ ಊದುವುದು ಸ್ತ್ರೀಯರಿಗೆ ತಕ್ಕುದಲ್ಲವೆಂಬ ಭಾವನೆ ಅಲ್ಲಿಯೂ ಬಲವಾಗಿತ್ತು. ಈ ಭಾವನೆಯನ್ನು ಅಳಿಸಿದವರಲ್ಲಿ ನಾವು ನೋಡಿದ ಮೇಳವೂ ಒಂದು. ಅದರ ಹೆಸರು ಇಂಟರ್‌ನ್ಯಾಷನಲ್ ಸ್ವೀಟ್‌ಹಾರ್ಟ್ಸ್ ಆಫ್ ರಿದಮ್, ಎಂದರೆ ಲಯದ ನಲ್ಲೆಯರು. ಚೀನೀಯ ತಂದೆಯ ಮಗಳೂ ಮೆಕ್ಸಿಕೋ ಮೂಲದವಳೂ ಮೇಳದಲ್ಲಿದ್ದುದರಿಂದ ಅಂತರರಾಷ್ಟ್ರೀಯವೆಂಬ ವಿಶೇಷಣ ಬಂದಿತು.

ಮೇಳ ಹುಟ್ಟಿದ್ದು ಒಂದು ಪಾಠಶಾಲೆಯಲ್ಲಿ ಎಂದು ತಿಳಿದಾಗ ನಮ್ಮ ಕಿವಿ ನಿಮಿರಿತು. ಮಿಸಿಸಿಪ್ಪಿ ಸಂಸ್ಥಾನದಲ್ಲಿ ೧೯೦೯ರಲ್ಲಿ ಲಾರೆನ್ಸ್ ಜೋನ್ಸ್ ಎಂಬವರು ಬಡ ಕಪ್ಪು ಮಕ್ಕಳಿಗಾಗಿ ಪೈನಿ ವುಡ್ಸ್ ಎಂಬ ವಸತಿಶಾಲೆಯನ್ನು ಕಟ್ಟಿದರು. ಅನಾಥ ಮಕ್ಕಳಿಗೂ ಅದೇ ಮನೆ. ಅಂಥ ಶಾಲೆಗೆ ಹಣ ಎಲ್ಲಿಂದ ಬರಬೇಕು? ಜೋನ್ಸರು ಹುಡುಗಿಯರ ಹಾಡುಮೇಳವನ್ನು ಊರೂರಿಗೆ ಕಳುಹಿಸಿ ಸಹಾಯಧನ ಕೂಡಿಸುತ್ತಿದ್ದರು. ೧೯೩೭ರಲ್ಲಿ ವಾದ್ಯಮೇಳವನ್ನೂ ಕಟ್ಟಿದರು. ಅವರ ಸಾಕುಮಗಳು ಹೆಲೆನ್ ಅದರಲ್ಲಿ ಟ್ರಾಂಬೋನು ಹಿಡಿದಳು. ಆಗ ಆಕೆಗೆ ಹದಿಮೂರು ಹದಿನಾಲ್ಕು ವಯಸ್ಸು. ಮಕ್ಕಳು ನುಡಿಸಿದರು, ಜನ ಮೆಚ್ಚಿದರು, ಹಣ ಬಂದಿತು. ಹಣ ಬಂದುದರಿಂದ ಪ್ರಯಾಣಗಳೂ ಹೆಚ್ಚಿದವು.

೧೯೪೧ರಲ್ಲಿ ಮೇಳದ ಹುಡುಗಿಯರು ಶಾಲೆಯನ್ನು ತೊರೆದರು. ವರ್ಷವೆಲ್ಲ ಊರೂರು ತಿರುಗುತ್ತ ತರಗತಿಯಲ್ಲಿ ಕೂರದಿದ್ದ ಕಾರಣ ತಮ್ಮಲ್ಲಿ ಕೆಲವರಿಗೆ ಶಾಲೆಯ ಪದವಿಪತ್ರ ದೊರೆಯದೆಂದು ತಿಳಿದುದೇ ಇದಕ್ಕೆ ಕಾರಣವೆಂದು ಹೇಳುತ್ತಾರೆ. ಶಾಲೆಗಾಗಿ ಶಾಲೆಯನ್ನು ತಪ್ಪಿಸಿಕೊಂಡವರು ಅವರು; ಲೆಕ್ಕದ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ನಿಂತದ್ದು ಗೈರುಹಾಜರಿ. ಜೋನ್ಸರು ದುಷ್ಟರಲ್ಲ, ಅವರು ಕಟ್ಟಿದ ಶಾಲೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟಿದೆ. ಸಜ್ಜನರ ಕೈಯಿಂದಲೂ ಇಂಥದು ನಡೆದುಹೋಗುತ್ತದೆ. ಈ ಮಾತನ್ನು ನಾವು ಏಕೆ ಹೇಳುತ್ತೇವೆಂಬುದು ಮುಂದೆ ತಿಳಿದೀತು.

ಹೆಲೆನ್ ತಂದೆಯ ಶಾಲೆಯನ್ನು ಬಿಟ್ಟು ಮೇಳದೊಡನೆ ಹೊರಟಳು. ವರ್ಜೀನಿಯಾದ ಆರ್ಲಿಂಗ್ಟನ್ ಅವರ ನೆಲೆಯಾಯಿತು. ಆನಾ ಮೇ ವಿನ್‌ಬರ್ನ್ ಎಂಬ ಗಾಯಕಿ ನಾಯಕಿಯಾದರು. ಟ್ರಂಪೆಟ್ಟಿಗೆ ಟೈನಿ ಡೇವಿಸ್, ಸ್ಯಾಕ್ಸೋಫೋನಿಗೆ ವೈ ಬರ್ನ್‌ಸೈಡ್, ಡ್ರಮ್ಮಿಗೆ ಶಾಲೆಯ ದಿನಗಳಿಂದಲೂ ಇದ್ದ ಪಾಲಿನ್ ಬ್ರಾಡಿ. ನ್ಯೂಯಾರ್ಕಿನ ಅಪೋಲೋ ರಂಗಮಂದಿರದಲ್ಲಿ ಜನ ಕಿಕ್ಕಿರಿದು ಕೇಳಿದರು. ಆದರೆ ದಕ್ಷಿಣ ಸಂಸ್ಥಾನಗಳಲ್ಲಿ ಕಪ್ಪು ಜನರಿಗೆ ಬಿಳಿಯರ ಹೋಟೆಲಿನಲ್ಲಿ ಕೊಠಡಿಯಿಲ್ಲ, ಊಟವಿಲ್ಲ. ಆದುದರಿಂದ ಮಲಗುವುದೂ ಬಸ್ಸಿನಲ್ಲೇ, ಉಣ್ಣುವುದೂ ಬಸ್ಸಿನಲ್ಲೇ. ೧೯೪೩ರಲ್ಲಿ ರಾಜ್ ಕ್ರಾನ್ ಎಂಬ ಯೆಹೂದಿ ತರುಣಿ ಸ್ಯಾಕ್ಸೋಫೋನು ಹಿಡಿದು ಮೇಳವನ್ನು ಸೇರಿದಳು. ಬಿಳಿಯಳು ಕರಿಯರೊಡನೆ ಒಂದೇ ಬಸ್ಸಿನಲ್ಲಿರುವುದು ಅಲ್ಲಿನ ಕಾನೂನಿಗೆ ಒಪ್ಪದು. ಆಕೆ ದಕ್ಷಿಣಕ್ಕೆ ಹೋದಾಗಲೆಲ್ಲ ಮುಖಕ್ಕೆ ಬಣ್ಣ ಬಳಿದು ಕಪ್ಪಾಗಿಸಿಕೊಂಡು ವೇದಿಕೆಗೆ ಬರುತ್ತಿದ್ದಳು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ರೇಡಿಯೋವಿನಲ್ಲಿ ಈ ಮೇಳವನ್ನು ಕೇಳಿದ ಕಪ್ಪು ಸೈನಿಕರು ಯೂರೋಪಿನಿಂದ ಪತ್ರದ ಮೇಲೆ ಪತ್ರ ಬರೆದು, ಈ ಹೆಂಗಸರನ್ನು ತಮ್ಮ ಬಳಿಗೆ ಕಳುಹಿಸಬೇಕೆಂದು ಕೇಳಿಕೊಂಡರು. ಹಾಗೆ ೧೯೪೫ರಲ್ಲಿ ಅವರು ಫ್ರಾನ್ಸಿನಲ್ಲೂ ಜರ್ಮನಿಯಲ್ಲೂ ಸೈನಿಕರ ಮುಂದೆ ನುಡಿಸಿದರು. ಆದರೆ ಯುದ್ಧ ಮುಗಿದು ಗಂಡಸರು ಊರಿಗೆ ಮರಳಿದರು. ದೊಡ್ಡ ಮೇಳಗಳ ಕಾಲವೂ ಇಳಿಯಿತು. ೧೯೪೯ರಲ್ಲಿ ಸ್ವೀಟ್‌ಹಾರ್ಟ್ಸ್ ಚದುರಿದರು. ಅವರು ಬಿಟ್ಟುಹೋದ ಧ್ವನಿಮುದ್ರಣಗಳು ಬಹಳ ಕಡಮೆ. ಜಾಜಿನ ಚರಿತ್ರೆ ಬರೆದ ಪಂಡಿತರು ಅನೇಕ ವರ್ಷಗಳವರೆಗೆ ಇವರ ಹೆಸರನ್ನು ಹೆಚ್ಚಾಗಿ ಎತ್ತಲೇ ಇಲ್ಲ.

ಹೆಲೆನ್ ಒಮಾಹಾ ನಗರದಲ್ಲಿ ನೆಲೆಸಿದರು. ಅಲ್ಲಿಯ ವಾದ್ಯಗೋಷ್ಠಿಯಲ್ಲಿ ಒಂದು ಸ್ಥಾನ ದೊರೆಯಿತು. ಮೊದಲ ಕಚೇರಿ ಮುಗಿದ ಮೇಲೆ ಕರೆದೊಯ್ಯಲು ಬಂದ ತಂದೆಯ ಮೈಬಣ್ಣವನ್ನು ಕಂಡು, ಈಕೆಯೂ ಕಪ್ಪು ಜನಾಂಗದವಳೆಂದು ತಿಳಿದು, ಕೆಲಸದಿಂದ ಬಿಡಿಸಿದರೆಂದು ಆಕೆಯ ಕಥೆಯನ್ನು ಹೇಳುವವರು ತಿಳಿಸುತ್ತಾರೆ. ಆಮೇಲೆ ಆಕೆ ದಾದಿಯ ವೃತ್ತಿ ಹಿಡಿದು ನಾಲ್ಕು ಮಕ್ಕಳನ್ನು ಸಾಕಿದರು. ಟ್ರಾಂಬೋನು ಮೂಲೆ ಸೇರಿತು.

ಈಗ ನಾವು ಹೇಳಹೊರಟ ಉತ್ಸವಕ್ಕೆ ಬರುತ್ತೇವೆ. ಮಿಸೌರಿಯ ಕಾನ್ಸಾಸ್ ನಗರ ಜಾಜಿನ ತವರುಗಳಲ್ಲಿ ಒಂದು. ಮೇರಿ ಲೂ ವಿಲಿಯಮ್ಸ್ ಎಂಬ ಕಪ್ಪು ವಿದುಷಿ ೧೯೩೦ರ ದಶಕದಲ್ಲಿ ಅಲ್ಲಿಯ ಮೇಳವೊಂದಕ್ಕೆ ಪಿಯಾನೋ ನುಡಿಸಿದ್ದಲ್ಲದೆ ಸಂಗೀತವನ್ನೂ ರಚಿಸಿಕೊಟ್ಟಿದ್ದರು. ಅದೇ ನಗರದಲ್ಲಿ ೧೯೭೮ರಲ್ಲಿ ಇಬ್ಬರು ಮಹಿಳೆಯರು ಕೂಡಿ ಜಾಜ್ ಕಲಾವಿದೆಯರಿಗಾಗಿಯೇ ಒಂದು ಉತ್ಸವವನ್ನು ಆರಂಭಿಸಿದರು. ೧೯೮೦ರ ಉತ್ಸವದಲ್ಲಿ, ಪಿಯಾನೋ ವಾದಕಿ ಮರಿಯನ್ ಮೆಕ್‌ಪಾರ್ಟ್‌ಲೆಂಡ್ ಅವರ ಪ್ರಯತ್ನದಿಂದ, ಸ್ವೀಟ್‌ಹಾರ್ಟ್ಸ್ ಮೇಳದ ಹಳೆಯ ಸದಸ್ಯೆಯರನ್ನು ಹುಡುಕಿ ಕರೆತಂದು ಸನ್ಮಾನಿಸಿದರು. ಮೇಳ ಚದುರಿ ೩೧ ವರ್ಷಗಳಾಗಿದ್ದವು. ತರುಣಿಯರಾಗಿ ಬೀಳ್ಕೊಂಡವರು ನರೆಗೂದಲಿನವರಾಗಿ ಸೇರಿದರು. ಅಂದಿನಿಂದ ಅವರ ಕಥೆ ಬೆಳಕಿಗೆ ಬಂದಿತು. ೧೯೮೬ರಲ್ಲಿ ಸಾಕ್ಷ್ಯಚಿತ್ರವಾಯಿತು. ೨೦೧೧ರಲ್ಲಿ ಬದುಕಿದ್ದ ಕೆಲವರು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ತಮ್ಮ ನೆನಪಿನ ವಸ್ತುಗಳನ್ನು ಒಪ್ಪಿಸಿದರು. ಹೆಲೆನ್ ೨೦೨೦ರಲ್ಲಿ ತಮ್ಮ ೯೬ನೆಯ ವಯಸ್ಸಿನಲ್ಲಿ, ಕೋವಿಡ್ ಪಿಡುಗಿನಲ್ಲಿ, ತೀರಿಕೊಂಡರು.

ಸನ್ಮಾನ ಬಂದಿತಲ್ಲಾ ಎಂದು ಸಂತೋಷಪಡಬೇಕು, ನಿಜ. ಆದರೂ ಅಂದು ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಮಿಸಿಸಿಪ್ಪಿಯ ಆ ಹಾಜರಿ ಪುಸ್ತಕ ನಮ್ಮ ಕಣ್ಣಮುಂದೆ ನಿಂತಿತು. ಏಕೆಂದರೆ ಅಂಥದೊಂದರಲ್ಲಿ ನಾವೂ ಬರೆದವರು.

ಈಗ್ಗೆ ಮೂವತ್ತು ವರ್ಷಗಳ ಹಿಂದೆ ನಾವು ಇದ್ದ ಶಾಲೆಯ ಮಾಡು ಮಳೆಗೆ ಸೋರುತ್ತಿತ್ತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ದೇವರು ಕೊಟ್ಟ ಕಂಠವಿತ್ತು. ಆಕೆಯನ್ನು ಸುತ್ತಲಿನ ಹಳ್ಳಿಗಳಿಗೆ ಕರೆದೊಯ್ದು ಹಾಡಿಸಿ ಚಂದಾ ಎತ್ತಬಹುದೆಂದು ಸೂಚಿಸಿದವರು ನಾವೇ. ಹೆಂಚು ಬಂದಿತು, ಮಾಡು ನಿಂತಿತು. ಸಮಾರಂಭದಲ್ಲಿ ದಾನಿಗಳಿಗೆಲ್ಲ ಹಾರ ಬಿದ್ದಿತು. ಹುಡುಗಿಗೆ ಒಂದು ಸ್ಟೀಲಿನ ಲೋಟ ಕೊಟ್ಟೆವು. ವರ್ಷದ ಕೊನೆಗೆ ಹಾಜರಿ ಸಾಲದೆಂದು ಆಕೆಯನ್ನು ಪರೀಕ್ಷೆಗೆ ಕೂರಿಸಲಿಲ್ಲ. ನಿಯಮ ನಿಯಮವೇ ಎಂದು ಹೇಳಿ ಸಹಿ ಹಾಕಿದ ಕೈ ನಮ್ಮದು. ತಂದೆ ಮರುವರ್ಷ ಶಾಲೆ ಬಿಡಿಸಿ ಮದುವೆ ಮಾಡಿದರು.

ಕಳೆದ ವಾರ ವಿಳಾಸ ವಿಚಾರಿಸಿಕೊಂಡು ಆಕೆಯ ಮನೆಗೆ ಹೋದೆವು. "ಬನ್ನಿ ಮೇಷ್ಟ್ರೇ" ಎಂದು ಸಂಭ್ರಮದಿಂದ ಮಣೆ ಹಾಕಿ ಕಾಫಿ ಕೊಟ್ಟಳು. ನಾವು ಬಂದ ಕಾರಣವನ್ನು ಹೇಳಿ ತಪ್ಪನ್ನು ಒಪ್ಪಿಕೊಂಡೆವು. "ಅದೆಲ್ಲ ಈಗ ಯಾಕೆ ಬಿಡಿ ಮೇಷ್ಟ್ರೇ" ಎಂದು ಆಕೆ ತಲೆ ತಗ್ಗಿಸಿದಳು. ಬಾಗಿಲಲ್ಲಿ ನಿಂತಿದ್ದ ಆಕೆಯ ಮಗಳು ಬೆರಗಾಗಿ ನಮ್ಮನ್ನು ಕೇಳಿದಳು: "ನಮ್ಮ ಅಮ್ಮ ಹಾಡುತ್ತಿದ್ದರೇ?"

ಆ ಪ್ರಶ್ನೆಗೆ ನಾವು ದೀರ್ಘವಾಗಿಯೇ ಉತ್ತರ ಕೊಟ್ಟೆವು. ಯಾವ ಹಳ್ಳಿಯಲ್ಲಿ ಯಾವ ಹಾಡು, ಎಷ್ಟು ಜನ ಸೇರಿದ್ದರು, ಯಾವ ಮುದುಕ ಅತ್ತನು, ಎಲ್ಲವನ್ನೂ ಹೇಳಿದೆವು. ಕೇಳುತ್ತ ಕೇಳುತ್ತ ಆಕೆ ಸೆರಗಿನಿಂದ ಕಣ್ಣೊರಸಿಕೊಂಡಳು. ನಾವು ಹೊರಡುವಾಗ ಬೀದಿಯ ತಿರುವಿನವರೆಗೂ ಬಂದು ಕಳುಹಿಸಿದಳು.

ಗೃಹಸ್ಥರಾದ ನಮ್ಮ ವಾಚಕರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಮನೆಯಲ್ಲಿಯೂ ಅಟ್ಟದ ಮೇಲೆ ಗವಸು ಹಾಕಿದ ವೀಣೆಯೋ ಹಾರ್ಮೋನಿಯಮ್ಮೋ ಇದ್ದೀತು. ಅದನ್ನು ಯಾರು ನುಡಿಸುತ್ತಿದ್ದರೆಂದು ಇಂದು ರಾತ್ರಿ ಊಟದ ಹೊತ್ತಿಗೆ ಮಕ್ಕಳ ಮುಂದೆ ಕೇಳಿರಿ. ಉತ್ತರ ಹೇಳತಕ್ಕವರು ಅಡಿಗೆಮನೆಯಲ್ಲಿದ್ದರೆ, ಹೊರಕ್ಕೆ ಕರೆದು ಕೂರಿಸಿಕೊಂಡು ಕೇಳಿರಿ. ೩೧ ವರ್ಷ ಕಾಯಬೇಕಾದ ಕಾರಣವಿಲ್ಲ.